ಮುಖ್ಯ ಬಳಕೆ, ಉಪ ಬಳಕೆ

ಆಕಾಶದಿಂದ ಎಲ್ಲವನ್ನೂ ನೋಡುವವನು ಒಬ್ಬನೇ ಎಂದು ನನಗೆ ಚಿಕ್ಕಂದಿನಲ್ಲಿ ಕಲಿಸಿದ್ದರು. ಇಬ್ಬರಿದ್ದಾರೆ ಎಂದು ತಿಳಿದದ್ದು ಈ ವಯಸ್ಸಿನಲ್ಲಿ. ಎರಡನೆಯದು ನಮ್ಮ ನಗರಸಭೆ. ಅವರು ವರ್ಷಕ್ಕೊಮ್ಮೆ ವಿಮಾನದಿಂದ ಊರಿನ ಫೋಟೋ ತೆಗೆಸುತ್ತಾರಂತೆ. ಹಿಂದಿನ ವರ್ಷದ ಫೋಟೋದಲ್ಲಿ ನಮ್ಮ ಹಿತ್ತಲಲ್ಲಿ ಬಾಳೆಗಿಡಗಳಿದ್ದವು, ಬಟ್ಟೆ ಒಣಹಾಕುವ ಕಂಬವಿತ್ತು. ಈ ವರ್ಷದ ಫೋಟೋದಲ್ಲಿ ಒಂದು ತಗಡಿನ ಚಾವಣಿ ಮಿಂಚುತ್ತಿತ್ತು. ಮೊದಲನೆಯವನು ನೋಡಿದರೆ ಕಾಯುತ್ತಾನೆ, ಬಹಳವಾದರೆ ಕ್ಷಮಿಸುತ್ತಾನೆ. ಎರಡನೆಯವರು ನೋಡಿದರೆ ನೋಟೀಸು ಕಳಿಸುತ್ತಾರೆ.

ನಿಮ್ಮ ಹಿತ್ತಲಲ್ಲಿ ಅನುಮತಿಯಿಲ್ಲದ ಒಂದು ರಚನೆ ಇದೆ, ಅದು ಏನೆಂದು ತಿಳಿಸಿ, ತಿಳಿಸಲಾಗದಿದ್ದರೆ ಕೆಡವಿ ಎಂದು ನೋಟೀಸಿನಲ್ಲಿತ್ತು.

ಅದು ಫಲೆ. ನಾವು ಬಿಟ್ಟುಬಂದ ಸಮೋವಾ ದ್ವೀಪದಲ್ಲಿ ಹುಟ್ಟಿದ ಮಗುವಿಗೂ ಫಲೆ ಎಂದರೆ ಗೊತ್ತು. ಸುತ್ತ ಕಂಬ, ಮೇಲೆ ಸೂರು, ಗೋಡೆ ಇಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನಿನ ದಕ್ಷಿಣಕ್ಕಿರುವ ಈ ಬಡಾವಣೆಯಲ್ಲಿ ನಾವೆಲ್ಲರೂ ಇಟ್ಟಿಗೆಯ ಮನೆಗಳಲ್ಲಿ ಕಿಟಕಿ ಮುಚ್ಚಿಕೊಂಡು ಮರ್ಯಾದೆಯಿಂದ ಬದುಕುತ್ತಿದ್ದೇವೆ. ನಾನೂ ಹಾಗೆಯೇ ಇದ್ದೆ. ಆದರೆ ನನ್ನ ಹೆಂಡತಿ ಮತಾಲೆನಾಳಿಗೆ ಶ್ವಾಸಕೋಶದ ಕಾಯಿಲೆ ಬಂತು. "ಈ ಗೋಡೆಗಳು ನನ್ನ ಎದೆ ಮೇಲೆ ಕೂತ್ಕೊಂಡ ಹಾಗಾಗ್ತಿದೆ, ನಾಲ್ಕು ಕಡೆಯಿಂದ್ಲೂ ಗಾಳಿ ಬರೋ ಕಡೆ ಮಲಗ್ಸಿ" ಎಂದಳು. ನಮ್ಮ ಚರ್ಚಿನ ಗಂಡಸರು ಒಂದು ಶನಿವಾರ ಬಂದು ಕಂಬ ನೆಟ್ಟರು, ತಗಡು ಹೊದಿಸಿದರು, ಸಂಜೆಗೆ ಚಾಪೆ ಹಾಸಿಕೊಟ್ಟರು. ಗಾಳಿಗೆ ಅನುಮತಿ ಪಡೆಯಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಪ್ರತಿ ಸಂಜೆ ಅಲ್ಲಿಯೇ ಮನೆಯ ಪ್ರಾರ್ಥನೆ ನಡೆಯುತ್ತಿತ್ತು. ಸ್ತುತಿಗೀತೆ ಎತ್ತಿಕೊಡುವವಳು ಅವಳೇ. ಕೊನೆಕೊನೆಗೆ ತುಟಿ ಮಾತ್ರ ಅಲುಗುತ್ತಿತ್ತು. ಆ ತುಟಿ ನೋಡಿ ನಾವು ರಾಗ ಹಿಡಿಯುತ್ತಿದ್ದೆವು. ಈಸ್ಟರ್ ಕಳೆದ ಮೇಲೆ ಒಂದು ಸಂಜೆ ಪ್ರಾರ್ಥನೆ ಮುಗಿದಾಗ ಅವಳೂ ಮುಗಿದಿದ್ದಳು.

ಆಮೇಲೆ ಮನೆಯೊಳಗೆ ಪ್ರಾರ್ಥಿಸಲು ಕೂತರೆ ನನಗೆ ಬಾಯಿ ಏಳುವುದಿಲ್ಲ. ಚರ್ಚಿನಲ್ಲಿಯೂ ಪುಸ್ತಕ ಹಿಡಿದು ಸುಮ್ಮನೆ ನಿಲ್ಲುತ್ತೇನೆ. ಆ ತಗಡಿನ ಕೆಳಗೆ, ಅವಳ ಚಾಪೆಯ ಪಕ್ಕದಲ್ಲಿ ಕೂತರೆ ಮಾತ್ರ ಹಾಡು ಹೊರಗೆ ಬರುತ್ತದೆ. ನಗರಸಭೆಯ ಲೆಕ್ಕದಲ್ಲಿ ಅದು ರಚನೆ. ನನ್ನ ಲೆಕ್ಕದಲ್ಲಿ ಅದು ನನಗೆ ಉಳಿದಿರುವ ಗಂಟಲು.

ನನ್ನ ಮಗಳು ಲೂಪೆ ಆಸ್ಪತ್ರೆಯಲ್ಲಿ ನರ್ಸ್. ಅವಳು ನಗರಸಭೆಯ ಭೂಬಳಕೆ ನಿಯಮಗಳನ್ನು ಕಂಪ್ಯೂಟರಿನಲ್ಲಿ ತೆರೆದು ನನ್ನೆದುರು ಇಟ್ಟಳು. ಅದರಲ್ಲಿ ಮೊದಲು ಬರುವುದು ಪದಗಳ ಅರ್ಥ. ಬೈಬಲ್ಲಿನಲ್ಲಿ ದೇವರು ಮೊದಲು ಬೆಳಕನ್ನು ಮಾಡಿ ಆಮೇಲೆ ಅದಕ್ಕೆ ಹೆಸರಿಟ್ಟನು. ನಗರಸಭೆಯವರು ಇನ್ನೂ ಜಾಣರು. ಮೊದಲು ಹೆಸರಿಡುತ್ತಾರೆ, ಆ ಹೆಸರಿಗೆ ಹೊಂದದ್ದನ್ನು ಆಮೇಲೆ ಕೆಡವಿಸುತ್ತಾರೆ.

"ಫಲೆ ಅಂತ ಹುಡುಕು," ಎಂದೆ.

"ಇಲ್ಲ ಅಪ್ಪಾ. ಎಫ್ ಅಕ್ಷರಕ್ಕೆ ಫಾರ್ಮ್ ಇದೆ, ಫೆನ್ಸ್ ಇದೆ, ಫ್ಯೂನರಲ್ ಪಾರ್ಲರ್ ಇದೆ."

"ಮನೆ ಅಂದ್ರೆ ಏನಂತೆ?"

"ಒಂದು ಕುಟುಂಬ ವಾಸ ಮಾಡೋ ಕಟ್ಟಡ."

"ಕುಟುಂಬ ಅಂದ್ರೆ?"

"ಜೊತೆಗಿರ್ಬೇಕು ಅನ್ನೋ ಮನಸ್ಸಿಂದ ಒಟ್ಟಿಗಿದ್ದು, ಊಟ-ತಿಂಡಿ ಹಂಚ್ಕೊಂಡು ಬಾಳೋರು. ಸಂಬಂಧಿಕರೇ ಆಗ್ಬೇಕಂತಿಲ್ಲ."

ಮತಾಲೆನಾಳ ತಂಗಿ ಓಲಿವಾ ಬಾಗಿಲಲ್ಲಿ ಕೂತು ಕೆಸುವಿನ ಗಡ್ಡೆ ಹೆರೆಯುತ್ತಿದ್ದಳು. ಅಕ್ಕನ ಆರೈಕೆಗೆಂದು ಬಂದವಳು ಹಿಂದಿರುಗಿ ಹೋಗಿರಲಿಲ್ಲ. ನಾಲಿಗೆಗೆ ಅವಳು ಎಂದೂ ರಜೆ ಕೊಟ್ಟವಳಲ್ಲ. "ಹಾಗಾದ್ರೆ ನಮ್ಮ ಚರ್ಚಿನೋರೆಲ್ಲ ನಿಮ್ಮ ಕುಟುಂಬವೇ ಭಾವ," ಎಂದಳು. "ಫ್ರಿಜ್ ತೆಗೆದು ನೋಡಿದ್ರೆ ಯಾವ ನ್ಯಾಯಾಧೀಶನಾದ್ರೂ ಒಪ್ತಾನೆ."

ಒಂದು ಮಂಗಳವಾರ ಪರಿಶೀಲನೆಗೆ ಅಧಿಕಾರಿ ಬರುತ್ತಾನೆಂದು ತಿಳಿಯಿತು. ಅಲ್ಲಿ ನಮ್ಮ ಜನ ಮಾತ್ರ ಮಾಡಬಲ್ಲ ತಪ್ಪೊಂದನ್ನು ನಾವು ಮಾಡಿದೆವು. ಬೇರೆಯವರ ಮನೆಗೆ ಇಂಥ ಅಧಿಕಾರಿ ಬಂದರೆ ಗೇಟಿನಲ್ಲಿಯೇ ನಿಲ್ಲಿಸಿ, ಎರಡು ಮಾತಾಡಿ ಕಳಿಸುತ್ತಾರೆ. ನಮ್ಮಲ್ಲಿ ಬರುವವನು ಎಷ್ಟು ಕೇಡು ಮಾಡಬಲ್ಲನೋ ಅಷ್ಟು ದೊಡ್ಡ ಅಡುಗೆ. ಹೊಸ್ತಿಲಿಗೆ ಬಂದವನನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ಕುಟುಂಬದ ಹಿರಿಯನೆಂದು ನನಗೆ ಬಂದ ಮುಲಿತಾಲೊ ಎಂಬ ಪಟ್ಟದ ಹೆಸರಿಗೆ ಏನು ಬೆಲೆ? ಓಲಿವಾ ಎರಡು ಫೋನ್ ಮಾಡಿದಳು. ಆ ಎರಡು ಫೋನಿಗೆ ಚರ್ಚಿನ ಅರ್ಧ ಸಭೆ ಬಂತು. ಗಂಡಸರು ಬೆಳಗ್ಗೆಯೇ ಕಲ್ಲು ಕಾಯಿಸಿ ನೆಲದ ಒಲೆ ಹೂಡಿದರು. ಹಂದಿ ಬೆಂದಿತು, ತೆಂಗಿನ ಹಾಲಿನಲ್ಲಿ ಕೆಸುವಿನ ಎಲೆ ಬೆಂದಿತು. ಚರ್ಚಿನ ಬೋಧಕರಾದ ಸಭಾಪಾಲಕರು ಬಿಳಿ ಅಂಗಿ ತೊಟ್ಟು ಬಂದರು.

ಅಧಿಕಾರಿಯ ಹೆಸರು ಬ್ರೆಟ್. ಬಿಸಿಲಿಗೆ ಕೆಂಪಾದ ಮುಖ, ಮೊಣಕಾಲಿನವರೆಗಿನ ಚಡ್ಡಿ, ಕೈಯಲ್ಲಿ ಅಳತೆಯ ಟೇಪು. ಹಿತ್ತಲಿಗೆ ಕಾಲಿಟ್ಟವನು ಅಷ್ಟು ಜನರನ್ನು ಕಂಡು ಒಂದು ಹೆಜ್ಜೆ ಹಿಂದಿಟ್ಟನು.

"ಏನಾದ್ರೂ ಸಮಾರಂಭ ಇದೆಯಾ? ನಾನು ಇನ್ನೊಂದು ದಿನ ಬರ್ಲಾ?"

"ಸಮಾರಂಭ ನಿಮ್ದೇ. ಬನ್ನಿ, ಕೂತ್ಕೊಳ್ಳಿ," ಎಂದೆ.

"ಮಿಸ್ಟರ್ ಮುಲಿ… ಮುಲಿಟ…"

"ಯಜಮಾನ್ರೇ ಅನ್ನಪ್ಪ, ಸಾಕು. ಇಲ್ಲಾಂದ್ರೆ ಹಂದಿ ಆರೋಗುತ್ತೆ," ಎಂದಳು ಓಲಿವಾ.

ಅವನು ಅಳೆಯುತ್ತ ಹೋದ ಕಡೆಗೆಲ್ಲ ಚರ್ಚಿನ ಹುಡುಗಿಯೊಬ್ಬಳು ಬೀಸಣಿಗೆ ಹಿಡಿದು ನೊಣ ಓಡಿಸುತ್ತ ಹೋದಳು. ಅಳತೆ ಮುಗಿದದ್ದೇ ತಡ, ಅವನನ್ನು ಫಲೆಯ ತುದಿಯ ಕಂಬಕ್ಕೆ ಒರಗಿಸಿ ಕೂರಿಸಿದೆವು. ಅದು ಗೌರವದ ಜಾಗ. ಸಭಾಪಾಲಕರು ನಗರಸಭೆಗಾಗಿ ದೀರ್ಘವಾಗಿ ಪ್ರಾರ್ಥಿಸಿದರು. ಆಮೇಲೆ ನಾಲ್ಕು ಧ್ವನಿಗಳಲ್ಲಿ ಸ್ತುತಿಗೀತೆ. ತಗಡು ನಡುಗಿತು. ನಾನು ಹಾಡಿದೆ, ಧ್ವನಿ ಸಲೀಸಾಗಿ ಬಂತು. ಬ್ರೆಟ್ ತಲೆ ತಗ್ಗಿಸಿ ಕೂತಿದ್ದನು, ಭಕ್ತಿಯಿಂದಲೋ ಹಸಿವಿನಿಂದಲೋ ತಿಳಿಯದು. ಅವನು ಎಲೆಯ ಮೇಲಿನದನ್ನೆಲ್ಲ ಮುಗಿಸಿ ಇನ್ನೊಮ್ಮೆ ಬಡಿಸಿಕೊಂಡನು. ಹೋಗುವಾಗ ಓಲಿವಾ ಅವನ ಹೆಂಡತಿಗೆಂದು ಒಂದು ತಟ್ಟೆ ಕಟ್ಟಿಕೊಟ್ಟಳು.

"ನೋಡಿದ್ರಾ ಭಾವ, ಹೇಗೆ ಕರಗಿದ! ಇನ್ನು ನಿಮ್ಮ ತಗಡು ಭದ್ರ," ಎಂದಳು.

ಹತ್ತು ದಿನಕ್ಕೆ ಅವನ ವರದಿ ಬಂತು. ಪಾಪ, ಬ್ರೆಟ್ ಒಂದು ಸುಳ್ಳನ್ನೂ ಬರೆದಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ಪದಗಳ ಅರ್ಥಕ್ಕೆ ಹೊಂದಿಸಿದ್ದನು. ಬೋಧಕರ ನೇತೃತ್ವದಲ್ಲಿ ಪ್ರಾರ್ಥನೆ ನಡೆದದ್ದರಿಂದ ಅದು ಆರಾಧನಾ ಸ್ಥಳ. ಜನ ಸೇರಿದ್ದರಿಂದ ಸಭಾ ಸ್ಥಳ. ಹೊರಗಿನವರಿಗೆ ಊಟ ಬಡಿಸಿದ್ದರಿಂದ ಆಹಾರ ಮಳಿಗೆಯೋ ಎಂದು ಪರಿಶೀಲಿಸಬೇಕು. ಮೂರೂ ವಾಸದ ಬಡಾವಣೆಯಲ್ಲಿ ಸಲ್ಲವು. ಸಲ್ಲಬೇಕಾದರೆ ವಾಹನ ನಿಲುಗಡೆ, ಗಂಡಸರಿಗೂ ಹೆಂಗಸರಿಗೂ ಬೇರೆ ಶೌಚಾಲಯ, ಶಬ್ದ ತಜ್ಞರ ವರದಿ. ಶೌಚಾಲಯ ಎಲ್ಲಿ ಕಟ್ಟಬೇಕು? ಅದಕ್ಕೆ ಜಾಗ ಬೇಕೆಂದರೆ ಫಲೆಯನ್ನು ಕೆಡವಬೇಕು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದನ್ನು ಕೇಳಿದ್ದೆ. ನಾವು ಹಗ್ಗದ ಜೊತೆಗೆ ಹಂದಿಯನ್ನೂ ಕೊಟ್ಟಿದ್ದೆವು.

"ತಿಂದ ಬಾಯಲ್ಲೇ ಬರ್ದಿದಾನೆ!" ಎಂದು ಓಲಿವಾ ಕಿಡಿಕಾರಿದಳು. "ನನ್ನ ತಟ್ಟೆನಾದ್ರೂ ವಾಪಸ್ ಕೊಟ್ನಾ?"

"ಚಿಕ್ಕಮ್ಮಾ, ನೀವು ಅವ್ನಿಗೆ ಬರೀ ಒಂದು ಲೋಟ ನೀರು ಕೊಟ್ಟಿದ್ರೆ ಅದು ಇನ್ನೂ ಬರೀ ರಚನೆಯಾಗೇ ಇರ್ತಿತ್ತು," ಎಂದಳು ಲೂಪೆ.

"ನೀರು ಕೊಟ್ಟು ಕಳ್ಸೋಕೆ ನಾವೇನು ಅಷ್ಟೊಂದು ಓದಿದೀವಾ?"

ಕೆಡವಲು ತಿಂಗಳ ಗಡುವು ಕೊಟ್ಟಿದ್ದರು. ಲೂಪೆ ಪಾಳಿ ಮುಗಿಸಿ ಬಂದು ಅದೇ ಪದಗಳ ಅರ್ಥಗಳನ್ನು ಓದುತ್ತ ಕೂರುತ್ತಿದ್ದಳು, ನಾನು ಎದುರಿಗೆ. ಒಂದೊಂದು ಪದವೂ ಬಾಗಿಲು ತೆರೆದಂತೆ ಮಾಡಿ ಮುಖಕ್ಕೆ ಹಾಕುತ್ತಿತ್ತು. ಬಳ್ಳಿ ಹಬ್ಬಿಸುವ ಪರ್ಗೋಲಾ ಚಪ್ಪರ ಆಗಬಹುದಿತ್ತು, ಆದರೆ ಪರ್ಗೋಲಾಕ್ಕೆ ಸೂರು ಇರಬಾರದು. ಶೆಡ್ ಆಗಬಹುದಿತ್ತು, ಶೆಡ್ಡಿಗೆ ಗೋಡೆ ಬೇಕು. ಈ ದೇಶದಲ್ಲಿ ಕೋಳಿಗೆ ಅರ್ಥವಿದೆ, ಈಜುಕೊಳಕ್ಕೆ ಇದೆ, ಟೆನಿಸ್ ಆಟದ ಅಂಗಳಕ್ಕೂ ಇದೆ. ಉಸಿರು ಕಟ್ಟುವ ಹೆಂಗಸು ಮಲಗುವ ಜಾಗಕ್ಕೆ ಇಲ್ಲ.

ಕೊನೆಗೆ ಒಂದು ಸಂಜೆ ಲೂಪೆ ಬೆರಳಿಟ್ಟು ಓದಿದಳು: "ಕಾರ್‌ಪೋರ್ಟ್. ಗಾಡಿ ನಿಲ್ಸೋಕೆ ಇರೋ ಸೂರು. ಕನಿಷ್ಠ ಎರಡು ಕಡೆ ತೆರೆದಿರ್ಬೇಕು. ಇಷ್ಟು ಅಳತೆ ಒಳಗಿದ್ರೆ ಅನುಮತಿ ಬೇಡ. ಅಪ್ಪಾ, ನಮ್ದು ನಾಲ್ಕು ಕಡೆನೂ ತೆರೆದಿದೆ, ಅಳತೆ ಒಳಗೇ ಇದೆ!"

"ನಮ್ಮದರಲ್ಲಿ ಗಾಡಿ ಇಲ್ವಲ್ಲ."

"ಇಡೋಣ. ಅಮ್ಮನ ವ್ಯಾನ್ ಇದೆಯಲ್ಲ."

ಮತಾಲೆನಾಳ ಹಳೆಯ ವ್ಯಾನು ಅವಳು ಹಾಸಿಗೆ ಹಿಡಿದಂದಿನಿಂದ ಬೀದಿಯಲ್ಲಿಯೇ ನಿಂತಿತ್ತು. ಮೇಲೆ ಹಕ್ಕಿಗಳು ತಮ್ಮ ಅಭಿಪ್ರಾಯ ಬರೆದಿದ್ದವು. ಅವಳು ಅದರಲ್ಲಿ ಚರ್ಚಿನ ಮುದುಕಿಯರನ್ನೆಲ್ಲ ತುಂಬಿಕೊಂಡು ಓಡಾಡುತ್ತಿದ್ದವಳು. ನನಗೆ ಗಾಡಿ ಓಡಿಸಲು ಬಾರದು. ಅದರ ನೋಂದಣಿಯೂ ಮುಗಿದಿತ್ತು. ನಿಯಮದ ಪ್ರಕಾರ ನೋಂದಣಿಯಿಲ್ಲದ ಗಾಡಿ ಗಾಡಿಯಲ್ಲ, ಗುಜರಿ. ಗುಜರಿ ಇಟ್ಟರೆ ಅದು ಗುಜರಿ ದಾಸ್ತಾನು. ಅದಕ್ಕೆ ಬೇರೆ ವಲಯವೇ ಇದೆ. ಲೂಪೆ ನೋಂದಣಿ ಮಾಡಿಸಿದಳು.

ಭಾನುವಾರದ ಊಟ ಮುಗಿಸಿ, ಹೊಟ್ಟೆ ತುಂಬಿದ ಗಂಡಸರು ಅದನ್ನು ಹಿತ್ತಲಿಗೆ ತಳ್ಳಲು ನಿಂತರು. ಬ್ಯಾಟರಿ ಸತ್ತಿತ್ತು. ಸ್ಟಿಯರಿಂಗ್ ಹಿಡಿದು ಲೂಪೆ ಕೂತಳು. ಬದಿಯ ಕನ್ನಡಿಗಳನ್ನು ಮಡಚಿದರೂ ಒಳಗೆ ಹೋಗುವ ಕಡೆಯ ಎರಡು ಕಂಬಗಳ ನಡುವೆ ಗಾಡಿಯ ಪಕ್ಕ ಕೈ ಹಾಕುವಷ್ಟೂ ಎಡೆಯಿರಲಿಲ್ಲ.

"ಎಡಕ್ಕೆ, ಎಡಕ್ಕೆ! ಅಯ್ಯೋ, ನಿಮ್ಮ ಎಡ ಅಲ್ಲ, ದೇವರ ಎಡ!" ಎಂದು ಓಲಿವಾ ಕೂಗುತ್ತಿದ್ದಳು.

"ಚಿಕ್ಕಮ್ಮಾ, ಕಂಬ ನೋಡಿ, ನನ್ನ ನೋಡ್ಬೇಡಿ!"

"ಕಂಬ ಎಲ್ಲೂ ಹೋಗಲ್ಲ ಕಣೇ, ನೀನೇ ಹೋಗ್ತಿರೋದು!"

ವ್ಯಾನು ಒಳಗೆ ಹೊಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ನೋಡಿದರೆ ಅದರ ಮುಂದಿನ ಚಕ್ರ ಮತಾಲೆನಾಳ ಚಾಪೆಯಿದ್ದ ಜಾಗದಲ್ಲಿ ನಿಂತಿತ್ತು. ಓಲಿವಾ ಚಾಪೆಯನ್ನು ಮೊದಲೇ ಸುತ್ತಿ ಮನೆಯೊಳಗೆ ಇಟ್ಟಿದ್ದಳು. ಏನೂ ಹೇಳದೆ ಓಲಿವಾ ಮಾಡಿದ ಕೆಲಸ ನನ್ನ ನೆನಪಿನಲ್ಲಿ ಇದೊಂದೇ.

ಗಡುವಿನ ಕೊನೆಗೆ ಬರಲಿದ್ದ ಎರಡನೆಯ ಪರಿಶೀಲನೆಯ ಹಿಂದಿನ ದಿನ ಲೂಪೆ ನನ್ನನ್ನು ಕೂರಿಸಿ ಪಾಠ ಹೇಳಿಕೊಟ್ಟಳು.

"ಅವ್ನು ಕೇಳೋದು ಒಂದೇ ಪ್ರಶ್ನೆ. ಇದರ ಮುಖ್ಯ ಬಳಕೆ ಏನು ಅಂತ. ನೀನು ಹೇಳ್ಬೇಕಾದ್ದು, ಗಾಡಿ ನಿಲ್ಸೋದು. ಅಷ್ಟೇ. ಒಂದು ಮಾತು ಹೆಚ್ಚಿಲ್ಲ."

"ಅದು ಸುಳ್ಳಲ್ವಾ ಮಗಳೇ?"

"ಗಾಡಿ ನಿಂತಿದೆ ತಾನೇ? ಕಣ್ಣಿಗೆ ಕಾಣಲ್ವಾ?"

"ನಿಂತಿದೆ. ಆದ್ರೆ ನಿನ್ನ ತಾಯಿ ಪ್ರಾಣ ಬಿಟ್ಟ ಜಾಗದಲ್ಲಿ ನಿಂತ್ಕೊಂಡು, ಇದು ಗಾಡಿಗೋಸ್ಕರ ಕಟ್ಟಿದ್ದು ಅಂತ ನಾನು ಹೇಳ್ಬೇಕು."

ಲೂಪೆ ಕಂಪ್ಯೂಟರ್ ಮುಚ್ಚಿದಳು. "ಹೇಳದೇ ಇದ್ರೆ ಆ ಜಾಗನೂ ಇರಲ್ಲ ಅಪ್ಪಾ," ಎಂದಳು.

ಅವಳು ಹೇಳಿದ್ದು ಸರಿ. ನಾನು ಜೀವಮಾನದಲ್ಲಿ ಸುಳ್ಳೇ ಹೇಳದ ಸಂತನೇನಲ್ಲ. ಹಡಗಿನ ಸಾಮಾನು ಇಳಿಸುವ ಕೆಲಸದಲ್ಲಿ ಮೇಸ್ತ್ರಿಗಳಿಗೆ ಬೇಕಾದಷ್ಟು ಹೇಳಿದ್ದೇನೆ. ಆದರೆ ಹಾಡು ಬರುವ ಒಂದೇ ಜಾಗದಲ್ಲಿ ಸುಳ್ಳು ಹೇಳಿದರೆ, ಆಮೇಲೆ ಆ ಜಾಗ ಉಳಿದರೂ ಹಾಡು ಬರುತ್ತದೆಯೇ? ಇದಕ್ಕೆ ನಿಯಮಗಳಲ್ಲಿ ಉತ್ತರವಿರಲಿಲ್ಲ. ಮೊದಲನೆಯವನನ್ನು ಕೇಳಿದೆ. ಅವನು ನೋಟೀಸಿಗೆ ಉತ್ತರ ಕೊಡುವ ಅವಸರದಲ್ಲಿ ಇದ್ದಂತೆ ಕಾಣಲಿಲ್ಲ.

ಬ್ರೆಟ್ ಬಂದನು. ಕೈಯಲ್ಲಿ ಓಲಿವಾಳ ತಟ್ಟೆ, ತೊಳೆದು ಒರೆಸಿದ್ದು. ಈ ಸಲ ಜನರಿರಲಿಲ್ಲ, ಒಲೆಯಿರಲಿಲ್ಲ. ಲೂಪೆಯ ಆಜ್ಞೆಯಂತೆ ಓಲಿವಾ ಒಂದು ಲೋಟ ನೀರು ತಂದಿಟ್ಟಳು. ಇಡುವಾಗ ಅವಳ ಮುಖ ಹೆತ್ತ ಮಗುವನ್ನು ಚಳಿಯಲ್ಲಿ ಹೊರಗೆ ಮಲಗಿಸಿದವಳಂತೆ ಇತ್ತು.

"ಓಹೋ, ಗಾಡಿ ಬಂದಿದೆ," ಎಂದನು ಬ್ರೆಟ್. ಸುತ್ತ ನಡೆದು ನೋಡಿದನು. ನೋಂದಣಿಯನ್ನು ನೋಡಿದನು. ಲೂಪೆಯ ಕಡೆ ನೋಡಿ ಹುಬ್ಬು ಹಾರಿಸಿದನು. "ಯಾರೋ ಚೆನ್ನಾಗಿ ಓದಿದಾರೆ. ಸರಿ ಯಜಮಾನ್ರೇ, ಒಂದೇ ಪ್ರಶ್ನೆ. ಇದರ ಮುಖ್ಯ ಬಳಕೆ ಏನು?"

ನಾನು ಬಾಯಿ ತೆರೆದೆ. ಗಾಡಿ ಎಂಬ ಮಾತು ಹೊರಡಲಿಲ್ಲ.

"ನನ್ನ ಹೆಂಡತಿಗೆ ಉಸಿರು ಕಟ್ತಿತ್ತು," ಎಂದೆ. "ಅವಳಿಗೆ ಗಾಳಿ ಬರ್ಲಿ ಅಂತ ಕಟ್ಟಿದ್ದು. ಅವಳು ಇಲ್ಲೇ ಹೋದ್ಲು, ಆ ಚಕ್ರ ಇದೆಯಲ್ಲ, ಅಲ್ಲಿ. ಸಂಜೆ ಹೊತ್ತು ನಾವು ಇಲ್ಲಿ ದೇವರ ಹೆಸರು ಹೇಳ್ತೀವಿ. ಈ ಗಾಡಿ ತಂದಿಟ್ಟಿದ್ದು ನಿಮಗೆ ತೋರ್ಸೋಕೆ."

ಲೂಪೆ ಕಣ್ಣು ಮುಚ್ಚಿಕೊಂಡಳು. "ಮುಗೀತು," ಎಂದು ಓಲಿವಾ ಸಮೋವಾ ಮಾತಿನಲ್ಲಿ ಗೊಣಗಿದಳು. "ನೀರಿಗೂ ದಂಡ."

ಬ್ರೆಟ್ ಪೆನ್ನಿನಿಂದ ಕಿವಿಯ ಹಿಂದೆ ಕೆರೆದುಕೊಂಡನು. ಬಾಗಿ ವ್ಯಾನಿನ ಚಕ್ರವನ್ನು ನೋಡಿದನು. ಆಮೇಲೆ ಕೇಳಿದನು: "ಪ್ರಾರ್ಥನೆ ಎಷ್ಟು ಹೊತ್ತು ನಡೆಯುತ್ತೆ?"

"ಕಾಲು ಗಂಟೆ. ಭಾವನೇ ಪ್ರಾರ್ಥನೆ ಹೇಳಿದ್ರೆ ಅರ್ಧ ಗಂಟೆ," ಎಂದಳು ಓಲಿವಾ.

"ಯಾರ್ಯಾರು ಇರ್ತೀರಿ? ನಾನು ಬಂದ ದಿನ ಇದ್ದಷ್ಟು ಜನನಾ?"

"ಅದು ನಿಮಗೋಸ್ಕರ. ದಿನಾ ನಾವು ಮೂರೇ ಜನ," ಎಂದಳು ಲೂಪೆ.

"ಮಿಕ್ಕ ಹೊತ್ತು ಗಾಡಿ ಇಲ್ಲೇ ನಿಂತಿರುತ್ತಾ? ಇನ್ನು ಮುಂದೆನೂ?"

"ಅದು ಬೇರೆ ಎಲ್ಲಿಗೂ ಹೋಗೋ ಸ್ಥಿತಿಯಲ್ಲಿಲ್ಲ," ಎಂದೆ.

"ಹಾಗಿದ್ರೆ ಆಯ್ತು," ಎಂದು ಅವನು ಬರೆಯತೊಡಗಿದನು. "ಹಗಲು ರಾತ್ರಿ ಗಾಡಿ. ನಡುವೆ ಕಾಲು ಗಂಟೆ ಮನೆಯವರ ಪ್ರಾರ್ಥನೆ. ಮುಖ್ಯ ಬಳಕೆ ವಾಹನ ನಿಲುಗಡೆ. ಪ್ರಾರ್ಥನೆ ಉಪ ಬಳಕೆ. ಅಂದ್ರೆ ಮುಖ್ಯ ಬಳಕೆಗೆ ಅಂಟಿಕೊಂಡಿರೋ, ಅದಕ್ಕಿಂತ ಚಿಕ್ಕ ಬಳಕೆ. ಅದಕ್ಕೆ ಅನುಮತಿ ಬೇಕಿಲ್ಲ. ನೀವು ಹೇಳಿದ್ದರಲ್ಲಿ ನಾನು ಒಂದು ಅಕ್ಷರನೂ ಬದಲಾಯಿಸಿಲ್ಲ ಯಜಮಾನ್ರೇ. ಗಂಟೆ ಮಾತ್ರ ಲೆಕ್ಕ ಹಾಕಿದೀನಿ."

ಹೀಗೆ ಆ ಬಿಸಿಲು ಸುಟ್ಟ ಮನುಷ್ಯನು ನನ್ನ ನಿಜವನ್ನು ಎತ್ತಿಕೊಂಡು ನಗರಸಭೆಯ ನಿಜದೊಳಗೆ ಇಟ್ಟನು. ಅದು ಎಲ್ಲಿಯೂ ಉಜ್ಜದೆ ಒಳಗೆ ಹೋಯಿತು. ಸಂತೋಷಪಡಬೇಕಾಗಿತ್ತು. ನಾನು ಕೋಪಗೊಂಡೆ. ಆಕಾಶ ಭೂಮಿಗಳನ್ನು ಉಂಟುಮಾಡಿದವನು ಒಂದು ಹಳೆಯ ವ್ಯಾನಿಗೆ ಅಂಟಿಕೊಂಡಿರುವ ಉಪ ಬಳಕೆ! ಮತಾಲೆನಾಳ ಸಾವು ಯಾವ ಬಳಕೆ? ಅದಕ್ಕೆ ಹಿಡಿದದ್ದು ಒಂದು ಉಸಿರಿನ ಹೊತ್ತು. ಗಂಟೆಯ ಲೆಕ್ಕಕ್ಕೆ ಬರುವುದೇ ಇಲ್ಲ.

ಇದನ್ನೆಲ್ಲ ಅವನಿಗೆ ಹೇಳಿಬಿಡಬೇಕೆಂದು ಎದ್ದೆ. ಆದರೆ ಗಂಟೆಯ ಲೆಕ್ಕ ನನ್ನ ತಲೆಯಲ್ಲಿ ನಿಲ್ಲಲಿಲ್ಲ, ತಾನಾಗಿ ಮುಂದೆ ಓಡಿತು. ಬಂದರಿನಲ್ಲಿ ದುಡಿದ ಗಂಟೆಗಳು, ನಿದ್ದೆಯ ಗಂಟೆಗಳು, ಪಟ್ಟದ ಗೌರವಕ್ಕಾಗಿ ಸಭೆಗಳಲ್ಲಿ ವಾದ ಮಾಡಿದ ಗಂಟೆಗಳು. ದೇವರಿಗೆ ಸಂಜೆ ಕಾಲು ಗಂಟೆ. ಹೆಂಡತಿಗೆ? ಕಾಯಿಲೆ ಬರುವವರೆಗೆ ಅವಳಿಗೂ ಹೆಚ್ಚುಕಡಿಮೆ ಅಷ್ಟೇ. ಈ ಬ್ರೆಟ್ ನನ್ನ ಬದುಕಿಗೆ ಟೇಪು ಹಿಡಿದಿದ್ದರೂ ಇದನ್ನೇ ಬರೆಯುತ್ತಿದ್ದನು. ನಾನು ಮತ್ತೆ ಕೂತೆ.

"ಒಂದು ಷರತ್ತು," ಎಂದನು ಬ್ರೆಟ್. "ಗಾಡಿ ಇಲ್ಲಿಂದ ತೆಗೆಯೋ ಹಾಗಿಲ್ಲ. ತೆಗೆದ್ರೆ ಮುಖ್ಯ ಬಳಕೆ ಹೋಯ್ತು. ಮುಂದಿನ ವರ್ಷನೂ ವಿಮಾನ ಬರುತ್ತೆ."

"ತಗಡಿನ ಕೆಳಗೆ ಗಾಡಿ ಇದೆಯೋ ಇಲ್ವೋ ವಿಮಾನಕ್ಕೆ ಹೇಗೆ ಕಾಣುತ್ತೆ?" ಎಂದು ಕೇಳಿದಳು ಓಲಿವಾ.

"ಅಮ್ಮಾ, ನಾನು ಆ ಪ್ರಶ್ನೆ ಕೇಳಿಸ್ಕೊಂಡಿಲ್ಲ," ಎಂದನು ಬ್ರೆಟ್. ನೀರು ಕುಡಿದು, ಲೋಟದ ತಳವನ್ನು ಒಂದು ಗಳಿಗೆ ನೋಡಿ, ಹೊರಟನು. ಓಲಿವಾ ತಡೆಯಲಾರದೆ ಗೇಟಿನವರೆಗೆ ಓಡಿದಳು. ಸೆರಗೇ ಇಲ್ಲದ ತನ್ನ ಉಡುಪಿನಲ್ಲಿ ಏನು ಬಚ್ಚಿಟ್ಟುಕೊಂಡು ಹೋದಳೋ, ಅವನ ಕಾರಿನಿಂದ ತೆಂಗಿನ ಹಾಲಿನ ವಾಸನೆ ಬೀದಿಗೆಲ್ಲ ಹರಡಿತು.

ಆ ಸಂಜೆ ಪ್ರಾರ್ಥನೆಗೆ ಹೋದೆವು. ಷರತ್ತಿನಂತೆ ವ್ಯಾನನ್ನು ಕದಲಿಸುವಂತಿರಲಿಲ್ಲ. ಗಾಡಿಗೂ ಕಂಬಕ್ಕೂ ನಡುವೆ ಬೆಕ್ಕು ಕೂರುವಷ್ಟು ಜಾಗ. ಲೂಪೆ ಒಂದು ಕಡೆ, ಓಲಿವಾ ಒಂದು ಕಡೆ ನಿಂತರು; ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ನಾನು ಮುಂದಿನ ಚಕ್ರದ ಬಳಿ ನಿಂತು ಬಾಯಿ ತೆರೆದೆ. ಮನೆಯೊಳಗೆ ಆಗುವಂತೆಯೇ ಆಯಿತು. ಏನೂ ಬರಲಿಲ್ಲ. ತಗಡು ಉಳಿದಿತ್ತು, ಅಷ್ಟೇ.

"ಭಾವ, ಎಷ್ಟು ಹೊತ್ತು ಹೀಗೆ ನೊಣದ ಹಾಗೆ ಗಾಡಿಗೆ ಅಂಟ್ಕೊಂಡು ನಿಲ್ಲೋದು? ನನ್ನ ಮಂಡಿ ಕೇಳಲ್ಲ," ಎಂದು ಆ ಕಡೆಯಿಂದ ಓಲಿವಾಳ ದನಿ ಬಂತು. ಬದಿಯ ಬಾಗಿಲು ಜಾರಿದ ಸದ್ದಾಯಿತು. ಅವಳು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಲೂಪೆಯೂ ನಗುತ್ತ ಹತ್ತಿ ಅವಳ ಪಕ್ಕ ಕೂತಳು. ನನಗೆ ಉಳಿದದ್ದು ಮುಂದಿನ ಬಾಗಿಲು. ಎಡಗಡೆಯದು, ನಾನು ಯಾವಾಗಲೂ ಕೂರುತ್ತಿದ್ದ ಕಡೆ.

ಕೂತೆ. ಬಲಗಡೆ ಓಡಿಸುವವಳ ಸೀಟು ಖಾಲಿಯಿತ್ತು. ಅವಳ ಗಿಡ್ಡ ಕಾಲಿಗೆ ಹೊಂದುವಂತೆ ಅದು ಈಗಲೂ ಮುಂದಕ್ಕೆ ಎಳೆದೇ ಇತ್ತು. ಮೊನ್ನೆ ಲೂಪೆಯೂ ಸರಿಸಿರಲಿಲ್ಲ. ಮಲ್ಲಿಗೆ ಎಣ್ಣೆಯ ವಾಸನೆ ಬಟ್ಟೆಯೊಳಗೆ ಇಳಿದು ಕೂತಿತ್ತು. ಈ ಗಾಡಿಯಲ್ಲಿ ನಾನು ಎಷ್ಟು ವರ್ಷ ಅವಳ ಪಕ್ಕ ಕೂತಿದ್ದೆ, ನಿಧಾನ, ನಿಧಾನ ಎಂದು ಗದರುತ್ತ. ಅವಳು ಉತ್ತರ ಕೊಡದೆ ಸ್ತುತಿಗೀತೆ ಹಾಡುತ್ತ ಓಡಿಸುತ್ತಿದ್ದಳು, ನನ್ನ ಬಾಯಿ ಮುಚ್ಚಿಸಲೆಂದೇ. ಆ ಗಂಟೆಗಳನ್ನು ನಾನು ಮಧ್ಯಾಹ್ನ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಬೆಲ್ಟ್ ಹಾಕ್ಕೊಳ್ಳಿ ಭಾವ," ಎಂದಳು ಓಲಿವಾ ಹಿಂದಿನಿಂದ. "ಇಲ್ಲಾಂದ್ರೆ ಅದಕ್ಕೂ ಒಬ್ಬ ಬರ್ತಾನೆ, ಅವ್ನಿಗೂ ನಾನು ಹಂದಿ ಬೇಯಿಸ್ಬೇಕಾಗುತ್ತೆ."

ಬೆಲ್ಟು ಹಾಕಿಕೊಂಡೆ. ಕಿಟಕಿಗಳನ್ನು ಇಳಿಸಿದೆವು, ನಾಲ್ಕು ಕಡೆಯಿಂದಲೂ ಗಾಳಿ ಬಂತು. ಅವಳು ರಸ್ತೆಗೆ ಇಳಿಯುವಾಗ ಎತ್ತಿಕೊಳ್ಳುತ್ತಿದ್ದ ಹಾಡನ್ನು ಎತ್ತಿದೆ. ಮೊದಲ ಸಾಲು ಒಡೆದು ಬಂತು. ಎರಡನೆಯ ಸಾಲಿಗೆ ಹಿಂದಿನ ಸೀಟಿನವರು ಸೇರಿಕೊಂಡರು.